ತಕಿಟ ತಕಿಟ, ಮ್ಯಾಂಕ್ಸ್ ಜಿಗ್

ಐಲ್ ಆಫ್ ಮ್ಯಾನ್ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಎರಡೇ ಥರದ ಜನ ತಲೆ ಎತ್ತುತ್ತಾರೆ. ಒಂದು, ಬೈಕ್ ಹುಚ್ಚಿನವರು. ಅವರಿಗೆ ಅಲ್ಲಿನ ಟಿಟಿ ರೇಸ್ ಗೊತ್ತು, ಯಾವ ತಿರುವಿನಲ್ಲಿ ಎಷ್ಟು ಸ್ಪೀಡ್ ಅನ್ನೋದೂ ಬಾಯಿಪಾಠ. ಇನ್ನೊಂದು, ಫೈನಾನ್ಸ್ ಟೀಮಿನವರು. ಅವರಿಗೆ ಅಲ್ಲಿನ ಟ್ಯಾಕ್ಸ್ ಲೆಕ್ಕ ಗೊತ್ತು. ನಾನು ಚಿಕ್ಕವಳಿದ್ದಾಗ ಅಲ್ಲಿದ್ದೆ ಅಂದರೆ ಮೊದಲಿನವರಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಗೌರವ ಬರುತ್ತೆ, ಎರಡನೆಯವರಿಗೆ ಅನುಮಾನ ಬರುತ್ತೆ. ಅಲ್ಲಿ ನಾನು ಜಾನಪದ ಕುಣಿತ ಕಲಿತೆ ಅಂದರೆ ಮಾತ್ರ ಇಬ್ಬರಿಗೂ ನಿರಾಸೆ. 'ಓ, ಹೌದಾ' ಅಂದು ತಮ್ಮ ತಮ್ಮ ಲ್ಯಾಪ್‌ಟಾಪಿಗೆ ವಾಪಸ್.

ಅಪ್ಪ ಡಾಕ್ಟರು. 1990ರಲ್ಲಿ ಅಲ್ಲಿ ಕೆಲಸ ಸಿಕ್ಕಿದಾಗ ತೀರ್ಥಹಳ್ಳಿಯಲ್ಲಿ ನಮ್ಮಜ್ಜ ಅಟ್ಲಾಸ್ ತೆಗೆದು, ಕನ್ನಡಕ ಏರಿಸಿ ಹುಡುಕಿದರಂತೆ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕಿ. 'ಇಲ್ಲಿ ಜನ ಇದಾರೇನೋ?' ಅಂತ ಕೇಳಿದ್ದು ಇವತ್ತಿಗೂ ನಮ್ಮನೆಯ ಜೋಕು. ಇದ್ದರು, ಆಗ ಸುಮಾರು 70 ಸಾವಿರ. ದ್ವೀಪದ ಉದ್ದ 52 ಕಿಲೋಮೀಟರ್, ಅಗಲ 20ರ ಆಸುಪಾಸು. ಬೆಂಗಳೂರಿಗಿಂತ ಸಣ್ಣದು. ಆದರೆ ಅದು ಇಂಗ್ಲೆಂಡ್ ಅಲ್ಲ, ಯುನೈಟೆಡ್ ಕಿಂಗ್‌ಡಮ್ಮಿನ ಭಾಗವೂ ಅಲ್ಲ. ಅವರದೇ ಪಾರ್ಲಿಮೆಂಟು, ಅವರದೇ ನೋಟು, ಬಾಲವಿಲ್ಲದ ಅವರದೇ ಬೆಕ್ಕು. ಅವರದೇ ಭಾಷೆಯೂ ಇತ್ತು.

ನಾವಿದ್ದದ್ದು ಪೀಲ್ ಅನ್ನೋ ಮೀನುಗಾರರ ಊರಲ್ಲಿ. ಹೆರಿಂಗ್ ಮೀನನ್ನು ಓಕ್ ಮರದ ಹೊಗೆಗೆ ಹಿಡಿದು ಕಿಪ್ಪರ್ ಮಾಡುವ ಊರು. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಅಮ್ಮ ಕಿಟಕಿ ಹಾಕಿ ಎರಡೆರಡು ಊದುಬತ್ತಿ ಹಚ್ಚುತ್ತಿದ್ದಳು. ಮೊದಲ ಒಂದು ತಿಂಗಳು ಅತ್ತಳು. ಆಮೇಲೆ ಒಂದು ಬೆಳಿಗ್ಗೆ ಗುಡ್ಡದ ಮೇಲಿಂದ ಮಂಜು ಇಳಿದು ಇಡೀ ಊರನ್ನು ಮುಚ್ಚಿಬಿಟ್ಟಿತು. ಅದು ಮ್ಯಾನನನ್ ಅನ್ನೋ ಸಮುದ್ರದೇವರ ಶಾಲು, ಶತ್ರುಗಳು ಬಂದಾಗ ದ್ವೀಪವನ್ನು ಅದರಲ್ಲಿ ಮುಚ್ಚಿಡ್ತಾನೆ ಅಂತ ಪಕ್ಕದ ಮನೆಯಾಕೆ ಹೇಳಿದರು. ಅಮ್ಮ ಬಾಗಿಲಲ್ಲಿ ನಿಂತು, 'ಥೇಟ್ ಆಗುಂಬೆ ಕಣೇ' ಅಂದಳು. ಅಲ್ಲಿಂದಾಚೆ ಅಳು ಕಡಿಮೆಯಾಯ್ತು.

ಅಲ್ಲಿನವರು ಇಲಿ ಅನ್ನೋ ಪದವನ್ನು ಬಾಯಲ್ಲಿ ಆಡೋದಿಲ್ಲ, ಅಪಶಕುನ. 'ಉದ್ದಬಾಲದ್ದು' ಅಂತಾರೆ. ಅಮ್ಮನಿಗೆ ಇದು ಭಾರೀ ಇಷ್ಟವಾಯ್ತು. ನಮ್ಮಲ್ಲೂ ರಾತ್ರಿ ಹೊತ್ತು ಹಾವನ್ನು ಹಾವು ಅನ್ನಲ್ಲವಲ್ಲ, 'ಹುಳ' ಅಂತೀವಲ್ಲ. ಡಗ್ಲಸ್‌ನಿಂದ ಏರ್‌ಪೋರ್ಟ್ ಕಡೆ ಹೋಗೋ ದಾರಿಯಲ್ಲಿ ಒಂದು ಪುಟ್ಟ ಸೇತುವೆ ಇದೆ, ಅಲ್ಲಿರೋ ಸಣ್ಣ ಜನಕ್ಕೆ, ಅಂದರೆ ಕಣ್ಣಿಗೆ ಕಾಣದ ಯಕ್ಷರಿಗೆ, ನಮಸ್ಕಾರ ಹೇಳಿಯೇ ದಾಟಬೇಕು. ಬಸ್ಸಿನಲ್ಲಿ ಕೋಟು ಟೈ ಹಾಕಿಕೊಂಡವರೂ ತುಟಿಯಲ್ಲೇ ಏನೋ ಗೊಣಗಿಕೊಳ್ಳೋದನ್ನ ನಾನೇ ನೋಡಿದ್ದೀನಿ. ಅಪ್ಪ ನಗ್ತಿದ್ದರು. ಅಮ್ಮ ಕೈ ಮುಗೀತಿದ್ದಳು.

ಕುಣಿತಕ್ಕೆ ನನ್ನನ್ನು ಸೇರಿಸಿದ್ದು ಯಾವ ಸಾಂಸ್ಕೃತಿಕ ಉದ್ದೇಶದಿಂದಲೂ ಅಲ್ಲ. ಅಮ್ಮನಿಗೆ ಭರತನಾಟ್ಯ ಕಲಿಸಬೇಕು ಅಂತಿತ್ತು, ಆ ದ್ವೀಪದಲ್ಲಿ ಅದನ್ನು ಎಲ್ಲಿಂದ ತರೋದು? ನನ್ನ ಕ್ಲಾಸಿನ ಹುಡುಗಿಯೊಬ್ಬಳು ಗುರುವಾರ ಸಂಜೆ ಚರ್ಚ್ ಹಾಲ್‌ಗೆ ಕುಣಿಯೋಕೆ ಹೋಗ್ತಿದ್ದಳು. ನವೆಂಬರ್ ಬಂದರೆ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಮನೆಯಲ್ಲಿ ಕೂತು ಮಾಡೋದೇನೂ ಇಲ್ಲ. 'ಹೋಗ್ಲಿ ಬಿಡಿ, ಮೈ ಬೆಚ್ಚಗಾದ್ರೂ ಆಗುತ್ತೆ' ಅಂತ ಅಪ್ಪನಿಗೆ ಹೇಳಿ ಅಮ್ಮ ಕರಕೊಂಡು ಹೋದಳು.

ಹಾಲ್ ಅಂದರೆ ಒಂದು ಮರದ ನೆಲದ ಕೋಣೆ, ಗೋಡೆಯಲ್ಲಿ ಗರ್ ಅನ್ನೋ ಹೀಟರು, ಒದ್ದೆ ಕೋಟಿನ ವಾಸನೆ. ಹತ್ತು ಹನ್ನೆರಡು ಮಕ್ಕಳು. ಕಲಿಸುತ್ತಿದ್ದದ್ದು ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ಮಳೆಗಾಲದ ರಬ್ಬರ್ ಬೂಟಿನಲ್ಲಿ ಬಂದು, ಬಾಗಿಲ ಹತ್ತಿರ ಬೂಟು ಬಿಚ್ಚಿ, ಬರೀ ಉಣ್ಣೆ ಕಾಲುಚೀಲದಲ್ಲಿ ಕುಣಿದು ತೋರಿಸುತ್ತಿದ್ದರು. ಮನೆಯಲ್ಲಿ ನಾವು ಅವರಿಗಿಟ್ಟ ಹೆಸರು ಅಜ್ಜಿ ಟೀಚರ್. ಅವರ ಗಂಡ ಮೂಲೆಯಲ್ಲಿ ಕೂತು ಪಿಟೀಲು ಬಾರಿಸುತ್ತಿದ್ದರು. ನಮ್ಮ ಹಾಗೆ ನೆಲದ ಮೇಲೆ ಕೂತು ಅಲ್ಲ, ಗದ್ದಕ್ಕೆ ಒತ್ತಿಕೊಂಡು. ಮಧ್ಯೆ ಮಧ್ಯೆ ನಿದ್ದೆಯನ್ನೂ ಮಾಡುತ್ತಿದ್ದರು ಅಂತ ನಮಗೆಲ್ಲ ಅನುಮಾನ.

ಮೊದಲ ಪಾಠ ಬರೀ ಹೆಜ್ಜೆ. ಒಂದು, ಎರಡು, ಮೂರು, ಕುಪ್ಪಳಿಸು. ಮತ್ತೆ ಇನ್ನೊಂದು ಕಾಲಿನಲ್ಲಿ ಒಂದು, ಎರಡು, ಮೂರು, ಕುಪ್ಪಳಿಸು. ಕೇಳೋಕೆ ಏನೂ ಅಲ್ಲ. ಆದರೆ ಬೆನ್ನು ನೆಟ್ಟಗಿರಬೇಕು, ಮಂಡಿ ಮೇಲೆ ಬರಬೇಕು, ಹಿಮ್ಮಡಿ ನೆಲಕ್ಕೆ ಸದ್ದು ಮಾಡಬಾರದು. ಹತ್ತು ನಿಮಿಷಕ್ಕೆ ಮೀನಖಂಡ ಕಟ್ಟಿಕೊಳ್ಳುತ್ತೆ. 'ನೆಲವನ್ನು ಒದೀಬೇಡ, ನೆಲ ನಿನ್ನನ್ನು ಎತ್ತಲಿ' ಅನ್ನೋರು ಅಜ್ಜಿ ಟೀಚರ್. ಏಳು ವರ್ಷದವಳಿಗೆ ಇದು ಹೇಗೆ ಅರ್ಥ ಆಗಬೇಕು? ಆಗಲಿಲ್ಲ. ಕಾಲಿಗೆ ಅರ್ಥ ಆಯ್ತು, ಅದೂ ಎರಡನೇ ವರ್ಷದಲ್ಲಿ.

ಕುಣಿತಗಳಿಗೆಲ್ಲ ಒಂದೊಂದು ಕತೆ. ಫ್ಲಿಟ್ಟರ್ ಡ್ಯಾನ್ಸ್ ಅಂತ ಒಂದಿದೆ. ಫ್ಲಿಟ್ಟರ್ ಅಂದರೆ ಬಂಡೆಗೆ ಕಚ್ಚಿಕೊಂಡಿರೋ ಒಂದು ಜಾತಿ ಚಿಪ್ಪು. ಗುಡ್ ಫ್ರೈಡೇ ದಿನ ಜನ ಕಡಲ ತೀರಕ್ಕೆ ಹೋಗಿ ಅದನ್ನು ಆರಿಸಿ ಬೇಯಿಸಿ ತಿನ್ನೋ ಪದ್ಧತಿಯಿತ್ತು. 'ಏಟಿಗೆ ಏಟು' ಅನ್ನೋ ಅರ್ಥದ ಹೆಸರಿನದು ಇನ್ನೊಂದು. ಎದುರುಬದುರು ನಿಂತು ಅಂಗೈಗೆ ಅಂಗೈ ತಟ್ಟೋದು, ಜಗಳದಲ್ಲಿ ಶುರುವಾಗಿ ಸ್ನೇಹದಲ್ಲಿ ಮುಗಿಯೋ ಥರ. ನಮಗೆಲ್ಲ ಇಷ್ಟದ್ದು ಮಾತ್ರ ಗಂಡಸರು ಕೋಲು ಹಿಡಿದು ಕುಣಿಯುತ್ತಿದ್ದ ಮಾಲಕರೇನ್ ಮಾರ್ಚ್. ಕೊನೆಯಲ್ಲಿ ಆರೂ ಕೋಲುಗಳನ್ನು ಹೆಣೆದು ಪಿಟೀಲಿನವನ ಕುತ್ತಿಗೆಗೆ ಸಿಕ್ಕಿಸಿ ಅವನ ತಲೆ ಕತ್ತರಿಸಿದ ಹಾಗೆ ನಟಿಸಬೇಕು. ಕ್ರಿಸ್‌ಮಸ್ ಆದ ಹನ್ನೆರಡನೇ ದಿನದ ಆಟ ಇದು. ಹಿಂದೆ, ಹಾಗೆ 'ಸತ್ತ' ಪಿಟೀಲಿನವನು ಒಬ್ಬ ಹುಡುಗಿಯ ಮಡಿಲಲ್ಲಿ ತಲೆಯಿಟ್ಟು, ಈ ವರ್ಷ ಯಾರಿಗೆ ಯಾರ ಜೊತೆ ಮದುವೆ ಅಂತ ಕಣಿ ಹೇಳುತ್ತಿದ್ದನಂತೆ. ನಮ್ಮ ಪಿಟೀಲಜ್ಜ ಕಣಿ ಗಿಣಿ ಹೇಳಲಿಲ್ಲ. ಕೋಲು ಕುತ್ತಿಗೆಗೆ ಬಂದಾಗ ಮಾತ್ರ ಎಚ್ಚರವಾಗ್ತಿದ್ದರು.

ಅಮ್ಮ ಏನು ಮಾಡುತ್ತಿದ್ದಳು? ಗೋಡೆ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು, ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಇಂಗ್ಲಿಷ್ ಓದಲು ಚೆನ್ನಾಗಿ ಬರುತ್ತಿತ್ತು, ಮಾತಾಡೋಕೆ ಸಂಕೋಚ. ಹಾಗಾಗಿ ಬೇರೆ ಅಮ್ಮಂದಿರ ಜೊತೆ ಹರಟೆ ಇಲ್ಲ. ಆದರೆ ಮದುವೆಗೆ ಮುಂಚೆ ಎಂಟು ವರ್ಷ ಸಂಗೀತ ಕಲಿತವಳು. ಎರಡನೇ ವಾರವೇ ಅವಳ ಬಲಗೈ ಶಾಲಿನೊಳಗೆ ತೊಡೆಯ ಮೇಲೆ ತಾಳ ಹಾಕೋಕೆ ಶುರು ಮಾಡಿತ್ತು. ಮನೆಗೆ ಬರುವಾಗ ಹೇಳಿದಳು: 'ಅವರು ಜಿಗ್ ಅಂತಾರಲ್ಲ, ಅದು ತಕಿಟ ತಕಿಟ. ರೀಲ್ ಅಂತಾರಲ್ಲ, ಅದು ತಕಧಿಮಿ. ಇಷ್ಟೇ ಕಣೇ ವ್ಯತ್ಯಾಸ.' ನನ್ನ ಕಾಲಿನ ಗೊಂದಲ ಅವತ್ತಿಗೆ ಅರ್ಧ ಬಗೆಹರೀತು. ಮುಂದಿನ ಗುರುವಾರ ನಾನು ಬಾಯಲ್ಲೇ ತಕಿಟ ತಕಿಟ ಅಂದುಕೊಂಡು ಕುಣೀತಿದ್ದೆ. ಅಜ್ಜಿ ಟೀಚರ್ ನಿಲ್ಲಿಸಿ ಏನದು ಅಂತ ಕೇಳಿದರು. ಹೇಳಿದೆ. ಅವರಿಗೆ ಎಷ್ಟು ಖುಷಿ ಆಯ್ತೆಂದರೆ ಎಲ್ಲ ಮಕ್ಕಳ ಕೈಲೂ ಹೇಳಿಸಿದರು.

ಅವರಲ್ಲಿ ಇನ್ನೊಂದು ಅಭ್ಯಾಸ ಇತ್ತು. ಹೆಜ್ಜೆಯನ್ನು ಮ್ಯಾಂಕ್ಸ್‌ನಲ್ಲಿ ಎಣಿಸೋದು. ನೇನ್, ಜೀಸ್, ಟ್ರೀ, ಕ್ಯಾರ್. ಒಂದು ದಿನ 'ನಿಮ್ಮ ಭಾಷೇಲಿ ಹೇಗೆ ಎಣಿಸ್ತಾರೆ?' ಅಂತ ಕೇಳಿದರು. ಆಮೇಲೆ ಪಾಳಿ ಹಾಕಿದರು, ಒಂದು ಸುತ್ತು ಅವರದು, ಒಂದು ಸುತ್ತು ನಂದು. ಪೀಲ್ ಊರಿನ ಹನ್ನೆರಡು ಮೀನುಗಾರರ ಮಕ್ಕಳು, ಅಂಗಡಿಯವರ ಮಕ್ಕಳು, ಮಂಡಿ ಎತ್ತಿ ಕುಪ್ಪಳಿಸುತ್ತಾ 'ಒಂದ್, ಎರಡ್, ಮೂರ್, ನಾಲ್ಕ್' ಅಂತ ಕೂಗೋದನ್ನ ನೀವು ಕೇಳಬೇಕಿತ್ತು. ಎರಡ್ ಅನ್ನೋಕೆ ಅವರಿಗೆ ಬರ್ತಿರಲಿಲ್ಲ, ಎರಾಡ್ ಅಂತಿದ್ದರು.

ಈಗ ಸ್ವಲ್ಪ ಇತಿಹಾಸ ಹೇಳ್ತೀನಿ. ಬೋರಾದರೆ ಒಂದೆರಡು ಪ್ಯಾರಾ ಹಾರಿಸಿ, ನಾನೇನೂ ಅಂದುಕೊಳ್ಳಲ್ಲ.

ಈ ಕುಣಿತಗಳು ಉಳಿದದ್ದು ಬಹುಮಟ್ಟಿಗೆ ಮೋನಾ ಡಗ್ಲಸ್ ಅನ್ನೋ ಒಬ್ಬ ಹೆಂಗಸಿನಿಂದ. ಹುಟ್ಟಿದ್ದು 1898ರಲ್ಲಿ, ತೀರಿಕೊಂಡಿದ್ದು 1987ರಲ್ಲಿ. ಪತ್ರಕರ್ತೆ, ಲೈಬ್ರರಿಯ ಕೆಲಸದವರು, ಕವಿ. ಹಳ್ಳಿ ಹಳ್ಳಿಯ ಮುದುಕರ ಹತ್ತಿರ ಹೋಗಿ, ಯಾರಿಗೆ ಎರಡು ಹೆಜ್ಜೆ ನೆನಪಿದೆ, ಯಾರಿಗೆ ಅರ್ಧ ಹಾಡು ನೆನಪಿದೆ ಅಂತ ಕೇಳಿ ಬರೆದುಕೊಂಡವರು. 1930ರ ದಶಕದಲ್ಲಿ ಹುಡುಗ ಹುಡುಗಿಯರ ಗುಂಪು ಕಟ್ಟಿ ಅವನ್ನು ಮತ್ತೆ ಕುಣಿಸಿದರು. 1978ರಲ್ಲಿ ಇನ್ ಖ್ರುನಾಖ್ಟ್ ಅನ್ನೋ ಉತ್ಸವಕ್ಕೆ ಮರುಜೀವ ಕೊಟ್ಟಾಗ ಅವರಿಗೆ ಎಂಬತ್ತು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಬ್ರಿಟನಿ ಎಲ್ಲ ಕಡೆಯ ಕುಣಿತದವರು ಬಂದು ಸೇರೋ ಉತ್ಸವ ಅದು. ಅಜ್ಜಿ ಟೀಚರ್ ಹುಡುಗಿಯಾಗಿದ್ದಾಗ ಅವರ ಕೈಯಲ್ಲೇ ಕಲಿತವರು. ಅವರ ಮಾತು ಬಂದಾಗಲೆಲ್ಲ 'ಮಿಸ್ ಡಗ್ಲಸ್' ಅಂತ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು.

ಇದರಲ್ಲಿ ತಕರಾರೂ ಇದೆ. ಡರ್ಕ್ ಡ್ಯಾನ್ಸ್ ಅನ್ನೋದು ಇವರ ಅತ್ಯಂತ ಗಂಭೀರ ಕುಣಿತ. ಒಬ್ಬನೇ ಕುಣಿಯೋನು, ಕೈಯಲ್ಲಿ ಕಠಾರಿ, ಹಿನ್ನೆಲೆಯಲ್ಲಿ ನಿಧಾನದ ಒಂದು ಹಾಡು. ಒಂದೇ ಮನೆತನದಲ್ಲಿ ತಂದೆಯಿಂದ ಮಗನಿಗೆ ಬಂದದ್ದು, ರಾಜರ ಕಾಲದ್ದು ಅಂತ ಮೋನಾ ಡಗ್ಲಸ್ ಹೇಳಿದರು. ನಿಜವಾಗಿ ಅದರಲ್ಲಿ ಹಳೆಯದೆಷ್ಟು, ಅವರ ಕೈ ಆಡಿದ್ದೆಷ್ಟು ಅಂತ ಆಮೇಲಿನ ವಿದ್ವಾಂಸರು ಪ್ರಶ್ನೆ ಎತ್ತಿದರು. ಇದನ್ನು ಓದಿದಾಗ ನಾನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಮಾಡ್ತಿದ್ದೆ, ಒಂದು ಗಳಿಗೆ ಮೋಸ ಹೋದ ಹಾಗಾಯ್ತು. ಆಮೇಲೆ ಯಕ್ಷಗಾನಕ್ಕೆ ಕಾರಂತರು ಕೈ ಹಾಕಿದಾಗಿನ ಜಗಳಗಳು ನೆನಪಾದವು. ಅವರು ಸ್ಯಾಕ್ಸೋಫೋನು, ವಯೊಲಿನ್ ತಂದರು ಅಂತ ಬೈದವರು ಎಷ್ಟೋ ಜನ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಹೆಜ್ಜೆ ಮಾತ್ರ ನೆನಪಿರೋ ಮುದುಕನಿಂದ ಇಡೀ ಕುಣಿತ ಬರಬೇಕಾದರೆ ನಡುವೆ ಯಾರಾದರೂ ಒಂದಿಷ್ಟು ಹೊಲಿಗೆ ಹಾಕಲೇಬೇಕು. ಹೊಲಿಗೆ ಎಲ್ಲಿದೆ ಅಂತ ಬರೆದಿಟ್ಟಿದ್ದರೆ ಒಳ್ಳೆಯದಿತ್ತು, ಅಷ್ಟೇ.

ಭಾಷೆಯ ಕತೆ ಇನ್ನೂ ಕಷ್ಟದ್ದು. 1901ರ ಜನಗಣತಿಯಲ್ಲಿ ಮ್ಯಾಂಕ್ಸ್ ಮಾತಾಡೋರು 4,419 ಜನ. ತಾಯಿಭಾಷೆಯಾಗಿ ಅದನ್ನು ಆಡುತ್ತಿದ್ದ ಕೊನೆಯವರು ಅನ್ನಿಸಿಕೊಂಡ ನೆಡ್ ಮ್ಯಾಡ್ರೆಲ್ ತೀರಿಕೊಂಡಿದ್ದು 1974ರ ಡಿಸೆಂಬರ್ 27ಕ್ಕೆ. ಯಾರೂ ಅದನ್ನು ಕೊಲ್ಲಲಿಲ್ಲ. ಮ್ಯಾಂಕ್ಸ್ ಆಡಿದರೆ ಮೂರು ಕಾಸು ಹುಟ್ಟಲ್ಲ ಅಂತ ಅಪ್ಪ ಅಮ್ಮಂದಿರೇ ಮಕ್ಕಳ ಜೊತೆ ಇಂಗ್ಲಿಷ್ ಶುರು ಮಾಡಿದರು. ಮಕ್ಕಳು ಉದ್ಧಾರ ಆಗಲಿ ಅಂತ. ಇದನ್ನು ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಅನ್ಸುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಐದು ನಿಮಿಷ ನಿಂತರೆ ಸಾಕು.

1992. ನನಗೆ ಒಂಬತ್ತು ವರ್ಷ. ಸ್ಕೂಲಿಂದ ಅಪ್ಪ ಅಮ್ಮನಿಗೆ ಕರೆ ಬಂತು. ಅಲ್ಲಿನ ಒಬ್ಬ ಟೀಚರ್, ಒಳ್ಳೆಯವರೇ, ನಯವಾಗಿ ಹೇಳಿದರು: ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಡಲ್ಲ, ಎರಡು ಭಾಷೆ ಅವಳಿಗೆ ಭಾರ ಆಗ್ತಿರಬಹುದು, ಮನೆಯಲ್ಲೂ ಇಂಗ್ಲಿಷೇ ಆಡಿದರೆ ಒಳ್ಳೆಯದು. ಅಪ್ಪ ಡಾಕ್ಟರಲ್ಲವೇ, ಬರೆದುಕೊಟ್ಟ ಔಷಧಿಯನ್ನು ಚಾಚೂ ತಪ್ಪದೆ ಪಾಲಿಸೋರು. 'ಸೋಮವಾರದಿಂದ ಎಲ್ಲರೂ ಇಂಗ್ಲಿಷ್' ಅಂದರು.

ಹೇಗಿತ್ತು ಅಂದರೆ, ಮನೆ ಸುಮ್ಮನಾಗಿಬಿಟ್ಟಿತು. ಅಮ್ಮ ಕನ್ನಡದಲ್ಲಿ ಹತ್ತು ಮಾತಾಡೋಳು ಇಂಗ್ಲಿಷಲ್ಲಿ ಒಂದು ಆಡುತ್ತಿದ್ದಳು, ಅದೂ ಎಣಿಸಿ. 'ಈಟ್', 'ಸ್ಲೀಪ್', 'ಟೇಕ್ ಅಂಬ್ರೆಲಾ'. ಬೈಗುಳ ನಿಂತವು. ಬೈಗುಳ ನಿಂತರೆ ಮಕ್ಕಳಿಗೆ ಖುಷಿ ಆಗಬೇಕು ತಾನೇ? ನನಗೆ ಅಮ್ಮ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳೆ ಅನ್ನಿಸ್ತಿತ್ತು. ರಾತ್ರಿಯ ಕತೆಗಳೂ ನಿಂತವು. ಹುಲಿ, ನರಿ, ಅಜ್ಜನ ಮನೆಯ ಕೊಟ್ಟಿಗೆ ಇವೆಲ್ಲ ಅವಳಿಗೆ ಇಂಗ್ಲಿಷಲ್ಲಿ ಬರುತ್ತಿರಲಿಲ್ಲ. ರಾತ್ರಿ ಅಡುಗೆಮನೆಯಿಂದ ಪಿಸಪಿಸ ಕೇಳೋದು, ಅಪ್ಪ ಅಮ್ಮ ಇಬ್ಬರೇ ಕನ್ನಡ ಆಡ್ತಿರೋದು. ನನಗೆ ಪ್ರವೇಶ ಇಲ್ಲದ ಕೋಣೆ ಅದು.

ಗುರುವಾರದ ಕ್ಲಾಸ್ ಮಾತ್ರ ಇತ್ತು. ಮೂರ್ನಾಲ್ಕು ತಿಂಗಳು ಕಳೆದಿರಬೇಕು. ಅಜ್ಜಿ ಟೀಚರ್ ತಮ್ಮ ಪಾಳಿ ಎಣಿಸಿ, 'ಈಗ ನಿಂದು' ಅಂದರು. ನಾನು 'ಒನ್, ಟೂ' ಅಂದೆ. 'ಅದಲ್ಲ, ನಿಂದು' ಅಂದರು. 'ಮನೇಲಿ ಅದನ್ನ ನಿಲ್ಲಿಸಿದೀವಿ' ಅಂದೆ. ಅವರು ಗೋಡೆ ಪಕ್ಕದ ಕುರ್ಚಿ ಕಡೆ ನೋಡಿದರು. ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸ್ತಾ ಇದ್ದಳು, ಸುಮ್ಮನೆ, ತೆಗೆಯೋದು ಹಾಕೋದು.

ಶನಿವಾರ ಅವರು ನಮ್ಮನೆಗೆ ಬಂದರು, ಹೇಳದೆ ಕೇಳದೆ. ಆ ಊರಲ್ಲಿ ಹಾಗೆ ಬರೋದು ಕಡಿಮೆ. ಅಮ್ಮ ಗಾಬರಿಯಲ್ಲಿ ಉಪ್ಪಿಟ್ಟು ಮಾಡಿದಳು. ಅವರು ರಬ್ಬರ್ ಬೂಟು ಬಾಗಿಲಲ್ಲೇ ಬಿಟ್ಟು ಬಂದು ಕೂತರು. ಅಮ್ಮನಿಗೆ ಅದಕ್ಕೇ ಅರ್ಧ ಸಮಾಧಾನ ಆಯ್ತಂತೆ. ಅಪ್ಪ ಇಂಗ್ಲಿಷಲ್ಲಿ ಉಪಚಾರದ ಮಾತಾಡಿದರು, ಹವಾಮಾನ, ಆಸ್ಪತ್ರೆ. ಅವರು ಎಲ್ಲ ಕೇಳಿ, ತಮ್ಮ ಅಜ್ಜಿಯ ವಿಷಯ ತೆಗೆದರು. ದ್ವೀಪದ ದಕ್ಷಿಣದ ಹಳ್ಳಿಯವರು. ಅಜ್ಜಿ ಗಂಡನ ಜೊತೆ ಮ್ಯಾಂಕ್ಸ್ ಆಡೋರು, ಕೋಳಿಗಳ ಜೊತೆ ಮ್ಯಾಂಕ್ಸ್ ಆಡೋರು, ದೇವರ ಜೊತೆಯೂ ಅದೇ. ಮೊಮ್ಮಕ್ಕಳು ಬಾಗಿಲಿಗೆ ಬಂದ ತಕ್ಷಣ ಮುರುಕು ಇಂಗ್ಲಿಷು. 'ನನ್ನಜ್ಜಿ ಕೋಳಿಗಳಿಗೆ ಏನು ಹೇಳ್ತಿದ್ದಳು ಅಂತ ತಿಳ್ಕೊಳ್ಳೋಕೆ ನಾನು ನಲವತ್ತು ದಾಟಿದ ಮೇಲೆ ರಾತ್ರಿ ಕ್ಲಾಸಿಗೆ ಹೋದೆ ಡಾಕ್ಟರೇ. ಕಲಿತೆ. ಆದರೆ ಅಷ್ಟೊತ್ತಿಗೆ ಅಜ್ಜಿಯೂ ಇರಲಿಲ್ಲ, ಕೋಳಿಯೂ ಇರಲಿಲ್ಲ.'

ಅಪ್ಪ ಸ್ಕೂಲಿನವರು ಹೇಳಿದ್ದನ್ನು ಹೇಳಿದರು. ಅವರು, 'ಅದೇ ಸ್ಕೂಲಿನಲ್ಲಿ ಈ ವರ್ಷದಿಂದ ಮ್ಯಾಂಕ್ಸ್ ಕಲಿಸ್ತಾರೆ, ಗೊತ್ತಾ?' ಅಂದರು. ನಿಜ. 1992ರಲ್ಲೇ ದ್ವೀಪದ ಶಾಲೆಗಳಲ್ಲಿ ಮ್ಯಾಂಕ್ಸ್ ಐಚ್ಛಿಕ ವಿಷಯವಾಗಿ ಬಂದದ್ದು, ವಾರಕ್ಕೆ ಅರ್ಧ ಗಂಟೆ. 'ನಾವು ಕಳಕೊಂಡಿದ್ದನ್ನ ಸರ್ಕಾರದ ದುಡ್ಡಲ್ಲಿ ವಾರಕ್ಕೆ ಅರ್ಧ ಗಂಟೆ ವಾಪಸ್ ತರ್ತಾ ಇದೀವಿ. ನಿಮ್ಮನೇಲಿ ಅದು ಇಡೀ ದಿನ ಪುಕ್ಕಟೆ ಇತ್ತು.' ಆಮೇಲೆ ಅಮ್ಮನ ಕಡೆ ತಿರುಗಿ ಉಪ್ಪಿಟ್ಟಿಗೆ ಏನಂತಾರೆ ಅಂತ ಕೇಳಿದರು. 'ಉಪ್ಪಿಟ್ಟು' ಅಂದಳು ಅಮ್ಮ. ಅವರು ಎರಡು ಸಲ ಹೇಳಿ ಸರಿ ಮಾಡಿಕೊಂಡರು. ಎರಡು ಸಲ ಹಾಕಿಸಿಕೊಂಡೂ ತಿಂದರು.

ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಪೇಪರ್ ಹಿಡಿದು ಕೂತಿದ್ದರು. ಅಮ್ಮ ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, ಕನ್ನಡದಲ್ಲಿ, ಪಿಸುಮಾತಲ್ಲಿ ಅಲ್ಲ, ಅಂದಳು: 'ಏ ಪುಟ್ಟಿ, ಆ ಕಾಲುಚೀಲ ಎಲ್ಲಿ ಬಿಸಾಕಿದೀಯೇ? ಎಷ್ಟು ಸಲ ಹೇಳೋದು ನಿಂಗೆ, ದರಿದ್ರದವಳೇ.' ಅಪ್ಪ ತಲೆ ಎತ್ತಲಿಲ್ಲ, ಏನೂ ಅನ್ನಲೂ ಇಲ್ಲ. ಕ್ಲಾಸಿನಲ್ಲಿ ನಾನು ಬಾಯಿ ಬಿಡೋಕೆ ಇನ್ನೊಂದು ವರ್ಷ ಹಿಡೀತು. ಆಮೇಲೆ ಮುಚ್ಚಿಸೋದೇ ಕಷ್ಟವಾಯ್ತು ಅಂತ ರಿಪೋರ್ಟ್ ಕಾರ್ಡಿನಲ್ಲಿದೆ.

ಆ ವರ್ಷದ ಡಿಸೆಂಬರ್ 26ಕ್ಕೆ ನಾನು ಮೊದಲ ಸಲ ಬೀದಿಯಲ್ಲಿ ಕುಣಿದದ್ದು. ಆವತ್ತು 'ರೆನ್ ಬೇಟೆ'. ರೆನ್ ಅಂದರೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಕಂದು ಹಕ್ಕಿ. ಹಿಂದೆ ಒಬ್ಬ ಮಾಯಾವಿ ಹೆಂಗಸು ದ್ವೀಪದ ಗಂಡಸರನ್ನೆಲ್ಲ ಮರುಳು ಮಾಡಿ ನೀರಿಗೆ ಕರೆದೊಯ್ದು ಮುಳುಗಿಸುತ್ತಿದ್ದಳಂತೆ. ಹಿಡಿಯೋಕೆ ಹೋದಾಗ ರೆನ್ ಹಕ್ಕಿಯಾಗಿ ಹಾರಿಹೋದಳಂತೆ. ಅದಕ್ಕೇ ವರ್ಷಕ್ಕೊಂದು ದಿನ ಆ ಹಕ್ಕಿಯನ್ನು ಬೇಟೆಯಾಡಿ, ಕೋಲಿಗೆ ಕಟ್ಟಿ, ಮನೆ ಮನೆ ಮುಂದೆ ಹಾಡಿ ಕುಣಿಯೋರು. 1731ರಲ್ಲಿ ಅಚ್ಚಾದ ಜಾರ್ಜ್ ವಾಲ್ಡ್ರನ್ನನ ಪುಸ್ತಕದಲ್ಲಿ ಈ ಬೇಟೆಯ ವರ್ಣನೆ ಇದೆ. ಅದರ ಒಂದು ಪುಕ್ಕ ಜೇಬಲ್ಲಿದ್ದರೆ ಆ ವರ್ಷ ದೋಣಿ ಮುಳುಗಲ್ಲ ಅಂತ ಮೀನುಗಾರರ ನಂಬಿಕೆ, ದಿನದ ಕೊನೆಗೆ ಪಾಪದ ಹಕ್ಕಿಯ ಮೈಮೇಲೆ ಒಂದು ಪುಕ್ಕವೂ ಉಳೀತಿರಲಿಲ್ಲ. ಈಗ ನಿಜವಾದ ಹಕ್ಕಿಯನ್ನು ಯಾರೂ ಕೊಲ್ಲಲ್ಲ. ಹಸಿರು ಸೊಪ್ಪು, ಬಣ್ಣದ ರಿಬ್ಬನ್ ಕಟ್ಟಿದ ಕೋಲು, ಒಳಗೊಂದು ಸುಳ್ಳು ಹಕ್ಕಿ.

ಅಪ್ಪನಿಗೆ ಡ್ಯೂಟಿ. ಕ್ರಿಸ್‌ಮಸ್ ಡ್ಯೂಟಿ ಯಾವಾಗಲೂ ನಮ್ಮವರಿಗೇ ಬೀಳೋದು. ಅಜ್ಜಿ ಟೀಚರ್ ಕಾರಿನಲ್ಲಿ ಡಗ್ಲಸ್‌ಗೆ ಹೋದೆವು. ಚಳಿ ಅಂದರೆ ಚಳಿ, ಗಾಳಿ ಕೆನ್ನೆ ಕಚ್ಚುತ್ತೆ. ಕೋಲನ್ನು ನಡುವೆ ಹಿಡಿದು ಸುತ್ತ ಕೈ ಕೈ ಹಿಡಿದು ವೃತ್ತ. ಪರಿಣತಿ ಏನೂ ಬೇಡ, ದಾರಿಹೋಕರೂ ಸೇರಬಹುದು. ಒಂದು ಬೀದಿ ಕುಣಿಯೋದು, ಮುಂದಿನ ಬೀದಿಗೆ ನಡೆಯೋದು, ಮತ್ತೆ ಕುಣಿಯೋದು. ಬಾಗಿಲು ತೆರೆದು ಜನ ಡಬ್ಬಿಗೆ ಚಿಲ್ಲರೆ ಹಾಕ್ತಾರೆ. ನಮ್ಮೂರ ಕಡೆ ದೀಪಾವಳಿ ರಾತ್ರಿ ಹಬ್ಬ ಹಾಡುತ್ತಾ ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ನೋಡಿದವರಿಗೆ ಇದು ಹೊಸದಲ್ಲ. ಅಮ್ಮ ಸೀರೆ ಮೇಲೆ ಎರಡು ಸ್ವೆಟರ್, ಒಂದು ಕೋಟು, ಕಾಲಿಗೆ ಅಪ್ಪನ ಬೂಟು ಹಾಕಿಕೊಂಡು ಹಿಂದೆ ಹಿಂದೆ ನಡೆದಳು. ಮೂರನೇ ಬೀದಿಯಲ್ಲಿ ಯಾರೋ ಒಬ್ಬ ಗಡ್ಡದವರು ಅವಳ ಕೈಗೊಂದು ಪುಕ್ಕ ಕೊಟ್ಟರು. ಅವಳು 'ಗುರ ಮೈ ಎದ್' ಅಂದಳು. ಮ್ಯಾಂಕ್ಸ್‌ನಲ್ಲಿ ಥ್ಯಾಂಕ್ಸ್. ಎಲ್ಲಿ ಕಲಿತಿದ್ದಳೋ! ಆ ಗಡ್ಡದವರಿಗೆ ಕಣ್ಣಲ್ಲಿ ನೀರು ಬಂತು ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ. ಗಾಳಿಗೆ ಬಂದದ್ದಿರಬೇಕು ಅಂತ ನಾನು.

ಮುಂದಿನ ಜುಲೈ 5ಕ್ಕೆ ಟಿನ್‌ವಾಲ್ಡ್ ದಿನ. ಅದು ಅವರ ರಾಷ್ಟ್ರೀಯ ದಿನ. ಸೇಂಟ್ ಜಾನ್ಸ್ ಅನ್ನೋ ಊರಿನಲ್ಲಿ ನಾಲ್ಕು ಮೆಟ್ಟಿಲಿನ ಒಂದು ಮಣ್ಣಿನ ದಿಬ್ಬವಿದೆ. ವರ್ಷದಲ್ಲಿ ಆದ ಕಾನೂನುಗಳನ್ನು ಅದರ ಮೇಲಿಂದ ಮ್ಯಾಂಕ್ಸ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಾರ್ತಾರೆ. ದಾರಿಗೆ ಜೊಂಡುಹುಲ್ಲು ಹಾಸಿರ್ತಾರೆ. ಅದು ಮ್ಯಾನನನ್ ದೇವರಿಗೆ ಸಲ್ಲಬೇಕಾದ ಕಂದಾಯವಂತೆ, ಬಾಡಿಗೆಗೆ ಬರೀ ಹುಲ್ಲು ಕೇಳಿದ ಮಾಲೀಕ ಇನ್ನೆಲ್ಲೂ ಸಿಕ್ಕಲಾರ. ಅವತ್ತು ನಮ್ಮ ಗುಂಪಿನ ಕುಣಿತ. ವೇಷ ಅಂದರೆ ಕೆಂಪು ಉಣ್ಣೆ ಲಂಗ, ಬಿಳಿ ಅಂಗಿ, ಹೆಗಲಿಗೆ ಶಾಲು. ಶಾಲು ಲೋಗ್ಟನ್ ಕುರಿಯ ಉಣ್ಣೆಯದು. ನಾಲ್ಕು ಕೊಂಬಿನ, ಬೆಲ್ಲದ ಬಣ್ಣದ ಆ ಕುರಿಯ ಉಣ್ಣೆ ಕುತ್ತಿಗೆಗೆ ತಾಗಿದರೆ ತುರಿಕೆಸೊಪ್ಪು ತಾಗಿದ ಹಾಗೆ. ಅಮ್ಮ ಲಂಗ ತಾನೇ ಹೊಲಿದಳು, ನಮ್ಮ ಪದ್ಧತಿಯಂತೆ ಬೆಳೆಯೋ ಮಗುವಿಗೆ ಅಂತ ಒಳಗೆ ನಾಲ್ಕಿಂಚು ಮಡಚಿ. ಆ ಮಡಿಕೆಯ ಭಾರಕ್ಕೆ ನನ್ನ ಲಂಗ ಮಾತ್ರ ತಿರುಗುವಾಗ ಬೇರೆ ಥರ ಅರಳ್ತಿತ್ತು. ಜಡೆಗೆ ಮುಡಿಸೋಕೆ ಮಲ್ಲಿಗೆ ಎಲ್ಲಿ? ಆ ದ್ವೀಪದ ಬೇಲಿಗಳ ತುಂಬ ಫ್ಯೂಷಿಯಾ, ಕೆಂಪು ನೇರಳೆ ಜುಮುಕಿಯಂಥ ಹೂವು. ಅದನ್ನೇ ಕಟ್ಟಿ ಮುಡಿಸಿದಳು. ಉಳಿದ ಹುಡುಗಿಯರೂ ಬಂದು ತಲೆ ಒಡ್ಡಿ ನಿಂತರು. ಹಾಗಾಗಿ ಆ ವರ್ಷದ ಟಿನ್‌ವಾಲ್ಡ್ ಫೋಟೋದಲ್ಲಿ ಆರು ಮ್ಯಾಂಕ್ಸ್ ಹುಡುಗಿಯರು ತೀರ್ಥಹಳ್ಳಿ ಶೈಲಿಯಲ್ಲಿ ಹೂ ಮುಡಿದಿದ್ದಾರೆ. ಮುಂದೆ ಯಾರಾದರೂ ವಿದ್ವಾಂಸರು ಅದನ್ನು ನೋಡಿ ಪ್ರಾಚೀನ ಪದ್ಧತಿ ಅಂತ ಬರೆಯದಿದ್ದರೆ ಸಾಕು.

ಹುಲ್ಲಿನ ಮೇಲೆ ಕುಣಿಯೋದು ಮರದ ನೆಲದ ಹಾಗಲ್ಲ. ನೆಲ ಕಾಲನ್ನು ಎಳಕೊಳ್ಳುತ್ತೆ. ಎರಡನೇ ಕುಣಿತಕ್ಕೆ ಮಳೆ ಬಂತು. ಯಾರೂ ನಿಲ್ಲಿಸಲಿಲ್ಲ. ಪಿಟೀಲಜ್ಜ ವಾದ್ಯಕ್ಕೆ ಕೊಡೆ ಹಿಡಿಸಿಕೊಂಡು, ತಾನು ನೆನೆದುಕೊಂಡು ಬಾರಿಸಿದರು. ಅದರ ನಡುವೆ ಎಲ್ಲೋ ಒಂದು ಕಡೆ, ಎಡಗಾಲಿನ ಕುಪ್ಪಳಿಕೆಯಲ್ಲಿ, ನಾನು ನೆಲವನ್ನು ಒದೆಯಲಿಲ್ಲ. ನೆಲವೇ ಎತ್ತಿತು. ಒಂದು ಕ್ಷಣ ಅಷ್ಟೇ. ಆಮೇಲೆ ಎಷ್ಟೋ ಸಲ ಕುಣಿದಿದ್ದೀನಿ, ಅದು ಮತ್ತೆ ಮೂರೋ ನಾಲ್ಕೋ ಸಲ ಆಗಿದೆ.

1996ರಲ್ಲಿ ಅಪ್ಪ ವಾಪಸ್ ಹೊರಟರು. ಮೈಸೂರಿಗೆ ಬಂದೆವು. ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ನಿನಗೇನು ಬರುತ್ತೆ ಅಂದರೆ ನಾನು ಹೇಳಲಿಲ್ಲ. ಒಬ್ಬಳೇ ಕುಣಿಯೋ ಕುಣಿತ ಅಲ್ಲ ಅದು, ಜೊತೆಗೆ ಬೇಕು. ಅಜ್ಜಿ ಟ್ಚರ್ ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸೋರು, ಮ್ಯಾಂಕ್ಸ್‌ನಲ್ಲಿ ಎರಡು ಸಾಲು, ಕೆಳಗೆ ಇಂಗ್ಲಿಷಲ್ಲಿ ಅದರ ಅರ್ಥ. ಅಮ್ಮ ಕನ್ನಡದಲ್ಲಿ ಎರಡು ಸಾಲು, ಕೆಳಗೆ ಇಂಗ್ಲಿಷಲ್ಲಿ ಅರ್ಥ ಬರೆದು ಉತ್ತರ ಹಾಕೋಳು. 2003ರಲ್ಲಿ ಕಾರ್ಡ್ ಬರಲಿಲ್ಲ. ಮಾರ್ಚಿನಲ್ಲಿ ಪಿಟೀಲಜ್ಜನ ಕಾಗದ ಬಂತು.

2009ರಲ್ಲಿ ಯುನೆಸ್ಕೋದವರು ತಮ್ಮ ಪಟ್ಟಿಯಲ್ಲಿ ಮ್ಯಾಂಕ್ಸ್ ಸತ್ತ ಭಾಷೆ ಅಂತ ಬರೆದರು. ಅಷ್ಟೊತ್ತಿಗೆ ಆ ದ್ವೀಪದಲ್ಲಿ ಎಲ್ಲವನ್ನೂ ಮ್ಯಾಂಕ್ಸ್‌ನಲ್ಲೇ ಕಲಿಸುವ ಒಂದು ಪುಟ್ಟ ಪ್ರಾಥಮಿಕ ಶಾಲೆ ನಡೆಯುತ್ತಿತ್ತು, 2001ರಲ್ಲಿ ಶುರುವಾದದ್ದು. ಆ ಮಕ್ಕಳು ಯುನೆಸ್ಕೋಗೆ ಕಾಗದ ಬರೆದರು: ನಮ್ಮ ಭಾಷೆ ಸತ್ತಿದ್ದರೆ ನಾವು ಈ ಕಾಗದವನ್ನು ಯಾವ ಭಾಷೆಯಲ್ಲಿ ಬರೀತಿದ್ದೀವಿ ಅಂತ. ಯುನೆಸ್ಕೋ ಪಟ್ಟಿ ತಿದ್ದಿತು. ಸುದ್ದಿ ಓದಿ ಅಮ್ಮನಿಗೆ ಫೋನ್ ಮಾಡಿದೆ. ಅವಳು ಬಹಳ ಹೊತ್ತು ನಕ್ಕಳು. 'ಅವರು ಇದ್ದಿದ್ರೆ ಆ ಮಕ್ಕಳಿಗೆ ಉಪ್ಪಿಟ್ಟು ಮಾಡ್ಕೊಡ್ತಿದ್ರು' ಅಂದಳು. ಹೌದು, ಹೇಳೋದು ಮರೆತೆ, ರೆಸಿಪಿ ಬರೆಸಿಕೊಂಡು ಹೋಗಿದ್ದರು.

ಕಳೆದ ತಿಂಗಳು ಮೈಸೂರಿನ ಮನೆಯಲ್ಲಿ ನನ್ನ ಆರು ವರ್ಷದ ಮಗಳು ಕುಣಿದು ತೋರಿಸು ಅಂತ ಹಟ ಹಿಡಿದಳು. ಹಾಲಿನ ಕುರ್ಚಿ ಸರಿಸಿ, ಫೋನಿನಲ್ಲಿ ಒಂದು ಜಿಗ್ ಹಾಕಿ ಶುರು ಮಾಡಿದೆ. ಮೊದಲ ಸುತ್ತು ಬಂತು, ಎರಡನೆಯದೂ ಬಂತು. ಮೂರನೆಯದರಲ್ಲಿ ಜೊತೆಗಾರನ ಮೊಣಕೈ ಹಿಡಿದು ತಿರುಗಿ ಜಾಗ ಬದಲಿಸಬೇಕು, ಅಲ್ಲಿ ಕಾಲು ನಿಂತಿತು. ಯಾವ ಕಡೆ? ಬಲಕ್ಕೆ ತಿರುಗಿದೆ, ಸರಿ ಬರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದಳು. ಅವಳಿಗೆ ಈಗ ಮಂಡಿ ಆಪರೇಷನ್ ಆಗಿದೆ, ವಾಕರ್ ಇಲ್ಲದೆ ಓಡಾಡಲ್ಲ, ಜನ್ಮದಲ್ಲಿ ಒಂದು ಹೆಜ್ಜೆ ಕುಣಿದವಳಲ್ಲ. ಅಲ್ಲಿಂದಲೇ ಕೂಗಿದಳು.

'ಅಲ್ಲಿ ಎಡಕ್ಕೆ ತಿರುಗಬೇಕು ಕಣೇ. ಎಡಗೈ ಕೊಟ್ಟು ಎರಡು ತಕಿಟ, ಆಮೇಲೆ ಬಿಡು.'